ವರಾಂಡದಲ್ಲಿ ಬಳೆ ಕಾಯುತ್ತಿದ್ದ ನಮ್ಮತ್ತೆ

ಗಾಜಿನ ಬಳೆಯನ್ನು ಒಡೆಯದೆ ತೆಗೆಯುವುದು ಕಷ್ಟ. ಬಳೆಗಾರ ಇಡುವಾಗಲೇ ಅಂಗೈ ಹಿಸುಕಿ, ಹೆಬ್ಬೆರಳನ್ನು ಒಳಕ್ಕೆ ಮಡಚಿ, ಕಣ್ಣಲ್ಲಿ ನೀರು ತರಿಸಿ ಏರಿಸಿರುತ್ತಾನೆ. ಬಿಗಿಯಾಗಿದ್ದಷ್ಟೂ ಒಳ್ಳೆಯದೆಂದು ನಮ್ಮ ಕಡೆಯ ಹೆಂಗಸರು ಹಲ್ಲು ಕಚ್ಚಿ ಸುಮ್ಮನಿರುತ್ತಾರೆ. ಅವನ್ನು ತೆಗೆಯಬೇಕಾದರೆ ಸೋಪು ಬೇಕು, ತಾಳ್ಮೆ ಬೇಕು. ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. ಆದರೂ ಎಪ್ಪತ್ತೊಂದನೆಯ ಇಸವಿಯ ಚಳಿಗಾಲದಲ್ಲಿ, ಯುದ್ಧ ಶುರುವಾದ ಹೊಸದರಲ್ಲಿ, ರಾಯಚೂರಿನ ನರ್ಸುಗಳ ಕ್ವಾರ್ಟರ್ಸಿನ ನಲ್ಲಿಯ ಮುಂದೆ ಕುಳಿತು ಎರಡೂ ಕೈಯ ಹಸಿರು ಬಳೆಗಳನ್ನು ಒಂದನ್ನೂ ಒಡೆಯದೆ ತೆಗೆದೆ. ಬೋಳು ಕೈಗಳನ್ನು ಬಿಸಿಲಿಗೆ ಹಿಡಿದು ನೋಡಿಕೊಂಡು ಖುಷಿಪಟ್ಟೆ. ಆ ಖುಷಿ ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ನಾನು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನವಳು. ನಮ್ಮದು ಕುರಿ ಸಾಕುವ, ಅಷ್ಟಿಷ್ಟು ಹೊಲ ಮಾಡುವ ಮನೆತನ. ಯಾರೋ ಮೇಷ್ಟರು ಹೇಳಿದರೆಂದು ಅಪ್ಪ ನನ್ನನ್ನು ನರ್ಸಿಂಗ್ ತರಬೇತಿಗೆ ಹಾಕಿದ. ಅವ್ವ ಮಾತ್ರ, ‘ಮಂದಿ ಹೇಲು ಉಚ್ಚಿ ಬಳ್ಯಾಕ ಮಗಳನ್ನ ಓದಸ್ಬೇಕೇನು’ ಎಂದು ಬಸ್ಸು ಹತ್ತಿಸುವವರೆಗೂ ಗೊಣಗಿದಳು. ರಾಯಚೂರಿನಲ್ಲಿ ನಮಗೆ ಪಾಠ ಹೇಳಿದ ಮೇಟ್ರನ್ ಕರಾವಳಿಯ ಕಡೆಯವರು, ಮದುವೆಯಾಗದವರು. ಅವರ ಕನ್ನಡ ನಮಗೆ ಪುಸ್ತಕ ಓದಿದಂತೆ ಕೇಳಿಸುತ್ತಿತ್ತು. ನಮ್ಮ ಕನ್ನಡ ಅವರಿಗೆ ಜಗಳ ಆಡಿದಂತೆ.

ಆ ಮೇಟ್ರನ್ನಿಗೆ ತೀರಾ ಪ್ರೀತಿಯದೊಂದು ಪಾಠವಿತ್ತು. ಹೋದ ಶತಮಾನದಲ್ಲಿ ಅಮೆರಿಕದಲ್ಲಿದ್ದ ಒಬ್ಬ ಹೆಣ್ಣುಮಗಳ ಕಥೆ ಅದು. ಶಾಲೆ ನಡೆಸಿ, ಕಾಯಿಲೆಯಿಂದ ಸೋತು ಕುಳಿತಿದ್ದ ಅವಳು ಒಂದು ಭಾನುವಾರ ಜೈಲಿನ ಹೆಂಗಸರಿಗೆ ಪಾಠ ಹೇಳಲು ಹೋದಳಂತೆ. ಅಲ್ಲಿ ಕಳ್ಳಿಯರ ಜೊತೆಗೆ ಬುದ್ಧಿ ಕೆಟ್ಟವರನ್ನೂ ಕೂಡಿಹಾಕಿದ್ದರು. ಕೊರೆಯುವ ಚಳಿ, ಒಳಗೆ ಬೆಂಕಿಯಿಲ್ಲ. ಯಾಕೆಂದು ಕೇಳಿದರೆ ಹುಚ್ಚರಿಗೆ ಚಳಿ ತಿಳಿಯುವುದಿಲ್ಲ ಎಂದರಂತೆ. ಅಲ್ಲಿಂದ ಎದ್ದವಳು ಊರೂರು ತಿರುಗಿ, ಅಂಥವರನ್ನು ಕಟ್ಟಿಹಾಕಿದ್ದ ನೆಲಮಾಳಿಗೆ, ದನದ ಕೊಟ್ಟಿಗೆಗಳನ್ನೆಲ್ಲ ಕಣ್ಣಾರೆ ಕಂಡು ಸರ್ಕಾರದ ಮುಂದಿಟ್ಟು, ಅವರಿಗಾಗಿ ಆಸ್ಪತ್ರೆಗಳನ್ನೇ ಕಟ್ಟಿಸಿದಳು. ಇದು ಪಾಠದ ಮೊದಲರ್ಧ. ಎರಡನೆಯರ್ಧದಲ್ಲಿ ಅವರ ದೇಶದೊಳಗೇ ಯುದ್ಧ ಹತ್ತಿ, ಅವಳು ಸೈನ್ಯದ ನರ್ಸುಗಳಿಗೆಲ್ಲ ಮೇಲಿನವಳಾದಳು. ಕೆಲಸ ಕೇಳಿಕೊಂಡು ಬರುವ ಹೆಂಗಸರಿಗೆ ಅವಳ ಷರತ್ತು ಬಿಗಿ: ವಯಸ್ಸು ಮೂವತ್ತು ದಾಟಿರಬೇಕು, ನೋಡಲು ಸಾದಾ ಇರಬೇಕು, ಬಣ್ಣದ ಬಟ್ಟೆ ಬೇಡ, ಗುಂಗುರು ಕೂದಲು ಬೇಡ, ಮೈಮೇಲೆ ಒಡವೆ ಬೇಡವೇ ಬೇಡ.

‘ಯವ್ವಾ, ಆಕಿ ಮುಂದ ನಾ ಹೋಗಿದ್ರ ಬಾಗಿಲದಾಗಿಂದನ ಹೊರಗ ಹಾಕ್ತಿದ್ಲು. ನಿನ್ನ ಮಾತ್ರ ಮಾರಿ ನೋಡಿ ಒಳಗ ಕರೀತಿದ್ಲು,’ ಎಂದು ನನ್ನ ಗೆಳತಿ ಕಿಸಿಕಿಸಿ ನಕ್ಕಿದ್ದಳು. ಅವಳು ಮಾನ್ವಿಯವಳು, ಚೆಲುವೆ, ಕೆಂಪು ಬಳೆಯ ಹುಚ್ಚಿನವಳು. ನಾನು ಸಾದಾ ಮುಖದವಳು. ಅದಕ್ಕೋ ಏನೋ, ಪಾಠದ ಆ ಎರಡನೆಯರ್ಧ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಮೊದಲರ್ಧವನ್ನು ಪರೀಕ್ಷೆಯಲ್ಲಿ ಬರೆದು ಮರೆತೆ.

ತರಬೇತಿ ಮುಗಿದ ಮೇಲೆ ನನ್ನನ್ನು ದೇವದುರ್ಗ ತಾಲ್ಲೂಕಿನ ಮಸರಕಲ್ಲಿಗೆ ಕೊಟ್ಟರು. ಗಂಡ ಸೈನ್ಯದಲ್ಲಿದ್ದ. ಮದುವೆಯಾಗಿ ಅವನು ರಜೆ ಮುಗಿಸಿ ಹೊರಟುಹೋದ ಮೇಲೂ ನಾನು ಸ್ವಲ್ಪ ದಿನ ಆ ಮನೆಯಲ್ಲಿದ್ದೆ, ಅತ್ತೆಯ ಜೊತೆ. ಅತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಕೈಯಲ್ಲಿ ಯಾವಾಗಲೂ ಉಣ್ಣೆ ನೂಲುವ ಕದರು, ಬಾಯಲ್ಲಿ ಯಾವಾಗಲೂ ಮಾತು. ನನ್ನ ಅವ್ವನಿಗಿಂತ ಹೆಚ್ಚು ನಗಿಸಿದವಳು. ‘ನೌಕರಿ ಬಿಡಬ್ಯಾಡ ಬೇ. ನನ್ನ ಮಗ ಗುಂಡು ಹೊಡೀಲಿ, ನೀ ಸೂಜಿ ಚುಚ್ಚು,’ ಎಂದು ಊರ ಮುಂದೆ ಹೇಳಿಕೊಂಡು ತಿರುಗಿದಳು. ರಾಯಚೂರಿನ ಆಸ್ಪತ್ರೆಯ ನೌಕರಿಗೆ ನಾನು ಹೊರಡುವ ದಿನ ದೇವದುರ್ಗದ ಸಂತೆಯಲ್ಲಿ ತಾನೇ ನಿಂತು ನನಗೆ ಹಸಿರು ಬಳೆ ಇಡಿಸಿದಳು.

ಅವೇ ಬಳೆಗಳನ್ನು ನಾನು ತೆಗೆದದ್ದು. ಯುದ್ಧ ಶುರುವಾಗಿತ್ತು, ಗಂಡನ ಕಾಗದ ಬಂದಿರಲಿಲ್ಲ. ಗಾಯಗೊಂಡ ಸೈನಿಕರ ಆಸ್ಪತ್ರೆಗಳಿಗೆ ನರ್ಸುಗಳು ಬೇಕಾಗಬಹುದು, ಹೋಗುವವರಿದ್ದರೆ ಹೇಳಿ ಎಂದು ಮೇಟ್ರನ್ ಕೇಳಿದ್ದರು. ಹೋದರೆ ಅವನಿಗೆ ಹತ್ತಿರವಾದೇನು ಎಂಬ ಹುಚ್ಚು ಆಸೆ ನನ್ನದು. ಆ ಅಮೆರಿಕದವಳ ಮುಂದೆ ಹೋಗಿ ನಿಂತವಳಂತೆ ಮೇಟ್ರನ್ ಮುಂದೆ ಬೋಳು ಕೈಯಲ್ಲಿ ನಿಂತೆ. ಅವರು ನನ್ನ ಕೈ ನೋಡಿ, ‘ಗಂಡ ಇರುವವರು ವಾರ್ಡಿನಲ್ಲಿ ಎರಡು ಬಳೆ ಇಟ್ಟುಕೊಳ್ಳಬಹುದೆಂದು ಹೇಳಿದ್ದೆನಲ್ಲ?’ ಎಂದರು.

‘ಎರಡೂ ಬ್ಯಾಡ್ರಿ ಸಿಸ್ಟರ್,’ ಎಂದೆ. ಎಷ್ಟು ಜಂಬ!

ನನ್ನನ್ನು ಯಾವ ಯುದ್ಧದ ಆಸ್ಪತ್ರೆಗೂ ಕಳಿಸಲಿಲ್ಲ. ಹೆಂಗಸರ ವಾರ್ಡಿನಲ್ಲೇ ಉಳಿದೆ, ಬೋಳು ಕೈಯನ್ನು ಮಾತ್ರ ಬಿಡಲಿಲ್ಲ. ಒಂದು ದಿನ ಮಧ್ಯಾಹ್ನ ಬೇಸಿನ್ನು ಹಿಡಿದು ವರಾಂಡಕ್ಕೆ ಬಂದರೆ ಎದುರಿಗೆ ಅತ್ತೆ. ಹಿಂದೆ ಭಾವ, ಗಂಡನ ಅಣ್ಣ. ಮಗನ ಖಬರು ಏನಾದರೂ ಬಂದಿದೆಯೇ ಎಂದು ಕೇಳಿಕೊಂಡು ಹೋಗಲು ಬೆಳಿಗ್ಗೆಯ ಬಸ್ಸಿಗೆ ಹೊರಟು ಬಂದಿದ್ದರು. ಅತ್ತೆ ನನ್ನನ್ನು ಡ್ಯೂಟಿಯ ಬಟ್ಟೆಯಲ್ಲಿ ಎಂದೂ ನೋಡಿದವಳಲ್ಲ. ಬಿಳಿ ಸೀರೆ, ಬೋಳು ಕೈ. ತಾಳಿ ರೋಗಿಗಳ ಮೈಮೇಲೆ ಜೋಲಾಡದಿರಲೆಂದು ರವಿಕೆಯೊಳಗೆ. ಹಣೆಯ ಕುಂಕುಮ ಬೆವರಿಗೆ ಅಳಿಸಿಹೋಗಿತ್ತು.

ಅವಳು ನನ್ನ ಮುಖ ನೋಡಲಿಲ್ಲ. ಕೈಯನ್ನೇ ನೋಡಿ ಮೆಲ್ಲಗೆ ಕೇಳಿದಳು, ‘ಯಾವಾಗ ಆತು?’

‘ಏನು ಯಾವಾಗ್ರೀ ಅತ್ತಿ?’

ಅವಳ ಸೆರಗಿನಿಂದ ಕಾಗದದ ಪೊಟ್ಟಣವೊಂದು ಜಾರಿ ಬಿತ್ತು. ಮಗ ಸುಖವಾಗಿ ಬರಲೆಂದು ಹರಕೆ ಹೊತ್ತು ನನಗಾಗಿ ತಂದಿದ್ದ ಹೊಸ ಬಳೆಗಳು. ಅವಳು ಅಂಗಳಕ್ಕೆ ಇಳಿದು ಬೇವಿನ ಮರದ ಬುಡದಲ್ಲಿ ಕುಳಿತು, ನಮ್ಮ ಕಡೆ ಸತ್ತವರ ಮುಂದೆ ಹಾಡಿಕೊಂಡು ಅಳುತ್ತಾರಲ್ಲ, ಹಾಗೆ ಶುರುಮಾಡಿದಳು. ಮಗ ಹುಟ್ಟಿದ್ದು, ಮೊದಲ ಸಲ ಕುರಿಮರಿ ಎತ್ತಿಕೊಂಡದ್ದು, ಸೈನ್ಯಕ್ಕೆ ಹೋಗುವಾಗ ರೊಟ್ಟಿ ಬುತ್ತಿ ಮರೆತದ್ದು ಎಲ್ಲ ಬಂತು ಹಾಡಿನಲ್ಲಿ. ನಾನು ಓಡಿಹೋಗಿ ಎದುರಿಗೆ ಕುಳಿತೆ, ಅವಳ ಭುಜ ಹಿಡಿದು ಅಲುಗಾಡಿಸಿದೆ.

‘ಅತ್ತೀ, ನನ್ನ ಕಡೆ ನೋಡ್ರಿ! ನಿಮ್ಮ ಮಗ ಬದುಕ್ಯಾರ! ಕೆಟ್ಟ ಖಬರು ಏನೂ ಬಂದಿಲ್ಲ! ಇದು ದವಾಖಾನಿ ರಿವಾಜದ, ಕೆಲಸದಾಗ ಬಳಿ ತಗೀಬೇಕು. ಇಲ್ಲಿ ನೋಡ್ರಿ, ತಾಳಿ!’

ಅವಳು ನನ್ನ ಕೆನ್ನೆ ಸವರಿದಳು. ‘ಹುಚ್ಚಿ, ನನ್ನ ಸಲುವಾಗಿ ಮುಚ್ಚಿ ಇಡಾಕತ್ತಿ. ನನ್ನ ಗಂಡ ಹೋದಾಗ ನನಗೂ ಹಿಂಗ ಹೇಳಿದ್ರು.’

ನಮ್ಮ ಕಡೆಯ ರೂಢಿ ಗೊತ್ತಿಲ್ಲದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಸಾವಿನ ಸುದ್ದಿಯನ್ನು ನಾವು ನೇರವಾಗಿ ಹೇಳುವುದಿಲ್ಲ. ‘ಸ್ವಲ್ಪ ಹುಷಾರಿಲ್ಲ, ನೋಡ್ಕೊಂಡು ಬರೂಣು ನಡಿ’ ಎಂದು ಕರೆದುಕೊಂಡು ಹೋಗುತ್ತಾರೆ, ಹೆಣದ ಮುಂದೆ ನಿಂತಾಗಲೇ ತಿಳಿಯುವುದು. ಹಾಗಾಗಿ ನಾನು ಬದುಕಿದ್ದಾನೆಂದು ಎಷ್ಟು ಸಲ ಹೇಳಿದೆನೋ ಅಷ್ಟು ಸಲ ಅವಳ ಪಾಲಿಗೆ ಅವನು ಸತ್ತ. ದಿಕ್ಕು ತೋಚದೆ ಬಿದ್ದಿದ್ದ ಪೊಟ್ಟಣ ಬಿಚ್ಚಿ, ಅವಳ ಕಣ್ಣ ಮುಂದೆಯೇ ಬಳೆ ಹಾಕಿಕೊಳ್ಳಲು ಹೋದೆ. ಅವಸರದ ಕೈ, ಬಿಗಿ ಬಳೆ, ಎರಡು ಚಟ್ಟನೆ ಒಡೆದವು. ಆ ಸದ್ದಿಗೆ ಅವಳು ಕಣ್ಣು ಮುಚ್ಚಿಕೊಂಡಳು.

ಯುದ್ಧ ಮುಗಿಯಿತು. ಗಂಡನ ಕಾಗದ ಬಂತು. ಓದಿ ಹೇಳಿದರೆ, ‘ಯಾರು ಬರದಾರೋ ಯಪ್ಪಾ, ಛಲೋ ಬರದಾರ,’ ಎಂದಳಂತೆ. ಮರುವರ್ಷ ಬೇಸಿಗೆಯಲ್ಲಿ ಅವನೇ ರಜೆಗೆ ಬಂದ. ಮಗ ಬಾಗಿಲಲ್ಲಿ ನಿಂತರೆ ತಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಬೆಲ್ಲ ನೀರು ತಂದಿಟ್ಟು, ‘ನನ್ನ ಮಗನ ಜೋಡಿ ಇದ್ಯೇನಪ್ಪಾ? ಕಡೀಗಿ ಏನಂದ ಆತ?’ ಎಂದು ಕೇಳಿದಳು. ಅವನು ಕುರಿದೊಡ್ಡಿಯ ಹಿಂದೆ ಹೋಗಿ ಮಗುವಿನಂತೆ ಅತ್ತ. ಆಸ್ಪತ್ರೆಯಲ್ಲಿ ನಡೆದದ್ದನ್ನು ನಾನೇ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಎದೆಯ ಭಾರ ಅಷ್ಟಾದರೂ ಇಳಿಯುತ್ತಿತ್ತು.

ಅವನು ಹೋದ ಮೇಲೆ ಅವಳು ದಿನಾ ದೇವದುರ್ಗದ ಬಸ್ ಸ್ಟ್ಯಾಂಡಿಗೆ ಹೋಗತೊಡಗಿದಳು. ಬಂದ ಪ್ರತಿ ಬಸ್ಸಿನ ಕಂಡಕ್ಟರನನ್ನು ಮಗನ ಹೆಣ ಬಂದಿದೆಯೇ ಎಂದು ಕೇಳುತ್ತಿದ್ದಳು. ಒಮ್ಮೆ ಬಸ್ಸಿನ ಗಾಲಿಗೆ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು. ಸಂಕ್ರಾಂತಿಯ ಹೊತ್ತಿಗೆ ನಾನು ರಜೆ ಹಾಕಿ ಮಸರಕಲ್ಲಿಗೆ ಹೋದಾಗ ಅವಳು ಕುರಿಮರಿ ಕೂಡುವ ದೊಡ್ಡಿಯಲ್ಲಿದ್ದಳು, ಕಾಲಿಗೆ ಹಗ್ಗ. ಮೈಮೇಲೆ ಒಂದು ಹಳೆ ಸೀರೆ ಬಿಟ್ಟರೆ ಏನೂ ಇಲ್ಲ. ಜೀವಮಾನವೆಲ್ಲ ಊರಿಗೆ ಕಂಬಳಿಯ ಉಣ್ಣೆ ನೂತವಳು!

‘ಕಂಬಳಿ ಯಾಕ ಕೊಟ್ಟಿಲ್ಲಕ್ಕಾ?’ ಎಂದು ನೆಗೆಣ್ಣಿಯನ್ನು, ಭಾವನ ಹೆಂಡತಿಯನ್ನು, ಕೇಳಿದೆ.

‘ಕೊಟ್ರ ಎಳಿ ಎಳಿ ಬಿಚ್ಚಿ ಒಗೀತಾಳ. ಹುಚ್ಚು ಹಿಡದವರಿಗೆ ಚಳಿ ಎಲ್ಲಿ ಅದ ತಗಿ,’ ಎಂದಳು.

ಮೇಟ್ರನ್ ಪಾಠದ ಮೊದಲರ್ಧ ನಮ್ಮ ಮನೆಯ ದೊಡ್ಡಿಗೇ ನಡೆದುಕೊಂಡು ಬಂದಿತ್ತು. ನೆಗೆಣ್ಣಿ ಕೆಟ್ಟವಳಲ್ಲ. ಭಾವನೂ ಅಲ್ಲ, ಹಗ್ಗ ಉಜ್ಜಿ ಗಾಯವಾಗದಿರಲೆಂದು ಅದಕ್ಕೆ ತನ್ನ ಹಳೆಯ ಧೋತರ ಸುತ್ತಿದ್ದ. ಅಮಾವಾಸ್ಯೆಗೆ ಒಂದು ದರ್ಗಾಕ್ಕೆ ಒಯ್ದು, ಅಲ್ಲಿ ಕನಸು ಬಿದ್ದು ಅಪ್ಪಣೆಯಾಗುವವರೆಗೆ ಕಟ್ಟಿ ಬಿಡುವುದೆಂದು ನಿಶ್ಚಯ ಮಾಡಿದ್ದರು. ಬೇಡ, ನಾನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ.

ಭಾವ ತಲೆ ಎತ್ತಲಿಲ್ಲ. ‘ನಿನ್ನ ಕೈ ನೋಡೇ ನಮ್ಮವ್ವ ಹಿಂಗಾಗ್ಯಾಳ. ಮತ್ತ ಅದs ಕೈಯಾಗ ಕೊಡ್ಲೇನು?’

‘ಹೌದ್ರೀ, ನನ್ನಿಂದನ ಆಗ್ಯದ. ಅದಕ್ಕ ಕೊಡ್ರಿ,’ ಎಂದೆ.

ಧಾರವಾಡದ ಹುಚ್ಚರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೆಲವು ವಾರ ಅಲ್ಲಿದ್ದೆವು. ಗುಳಿಗೆ ಹತ್ತಿದವು. ಅವಳಿಗೆ ನಿದ್ದೆ ಬಂತು, ಹಸಿವು ಬಂತು, ತಲೆ ಬಾಚಿಕೊಳ್ಳತೊಡಗಿದಳು, ಬಸ್ ಸ್ಟ್ಯಾಂಡು ಮರೆತಳು. ಆದರೆ ಮಗ ಸತ್ತಿದ್ದಾನೆ ಎಂಬುದೊಂದು ಮಾತ್ರ ಕಲ್ಲಿನಂತೆ ಕುಳಿತಿತ್ತು. ವಾದಿಸಬೇಡಿ, ಕೈಗೆ ಕೆಲಸ ಕೊಡಿ ಎಂದು ಡಾಕ್ಟರರು ಹೇಳಿ ಕಳಿಸಿದರು. ರಾಯಚೂರಿನ ನನ್ನ ಕ್ವಾರ್ಟರ್ಸಿಗೆ ಕರೆತಂದೆ. ಅಲ್ಲಿ ಹೊಸ ಕಷ್ಟ. ನಾನು ಮನೆಯಲ್ಲಿ ಬಳೆ ಹಾಕಿಕೊಂಡಿದ್ದರೆ ತನಗೆ ಮುಚ್ಚಿಡಲು ಹಾಕಿಕೊಂಡಿದ್ದೇನೆ ಎನ್ನುವಳು. ಅಷ್ಟರಲ್ಲಿ ವಾರ್ಡಿನಲ್ಲಿ ಎರಡು ಬಳೆಯ ರಿಯಾಯಿತಿಯೂ ನಿಂತುಹೋಗಿ ಎಲ್ಲರದೂ ಬೋಳು ಕೈಯಾಗಿತ್ತು. ಡ್ಯೂಟಿಗೆ ಹೊರಟರೆ ಹಿಂದೆಯೇ ಬಂದು ವಾರ್ಡಿನ ಕಿಟಕಿಯಲ್ಲಿ ನನ್ನ ಬೋಳು ಕೈ ನೋಡಿ ಕಣ್ಣು ಒರೆಸಿಕೊಳ್ಳುವಳು.

ನನಗೆ ರೋಸಿಹೋಯಿತು. ಸೀದಾ ಮೇಟ್ರನ್ ಹತ್ತಿರ ಹೋಗಿ, ನೌಕರಿ ಬಿಡುತ್ತೇನೆ ಎಂದೆ. ಅಷ್ಟಕ್ಕೇ ಬಾಯಿ ನಿಲ್ಲಲಿಲ್ಲ. ‘ನಿಮ್ಮ ಪಾಠದಾಗಿನ ಆ ಅಮೆರಿಕದಾಕಿಗೆ ಅತ್ತಿ ಇರಲಿಲ್ರೀ ಸಿಸ್ಟರ್. ಇದ್ದಿದ್ರ ಆ ಷರತ್ತು ಹಾಕ್ತಿರಲಿಲ್ಲ!’

‘ನನಗೂ ಅತ್ತೆ ಇಲ್ಲ,’ ಎಂದರು ಮೇಟ್ರನ್. ಆಮೇಲೆ ತಾವೇ ತಪ್ಪು ಮಾಡಿದವರಂತೆ ತಗ್ಗಿದ ದನಿಯಲ್ಲಿ, ‘ಈ ಹುಡುಗಿಯರ ಬಳೆಗಳೆಲ್ಲ ಕಿಟಕಿಯಲ್ಲಿ ಬಿದ್ದಿರುತ್ತವೆ. ದಿನವೂ ನಿನ್ನದು ನನ್ನದು ಎಂದು ಜಗಳ. ನಿನ್ನ ಅತ್ತೆಯನ್ನು ಕರೆದುಕೊಂಡು ಬಾ. ವರಾಂಡದಲ್ಲಿ ಕೂತು ನೋಡಿಕೊಳ್ಳಲಿ,’ ಎಂದರು.

ಹೀಗೆ ನಮ್ಮತ್ತೆ ಬಳೆ ಕಾಯುವವಳಾದಳು. ಡ್ಯೂಟಿಗೆ ಬರುವ ಪ್ರತಿಯೊಬ್ಬಳೂ ಅವಳ ಮುಂದೆ ಕೈ ಚಾಚಬೇಕು. ಅವಳು ಎಣ್ಣೆ ಸವರಿ ಬಳೆ ತೆಗೆದು, ತಾನೇ ನೂತ ಉಣ್ಣೆಯ ದಾರಕ್ಕೆ ಪೋಣಿಸಿ, ಯಾರದು ಯಾವುದು ಎಂದು ತಿಳಿಯಲು ಗಂಟು ಹಾಕಿ ಇಡುವಳು. ಡ್ಯೂಟಿ ಮುಗಿದಾಗ ಮತ್ತೆ ಏರಿಸುವಳು. ಒಂದೇ ವಾರದಲ್ಲಿ ಹುಡುಗಿಯರೆಲ್ಲ ಅವಳ ಕೈಯೊಳಗೆ. ಬಾಯಿ ಮೊದಲಿನಂತಾಯಿತು. ‘ಏ ಕೋತಿ, ಕೈ ಏನು ಕಟ್ಟಿಗಿ ಆಗ್ಯದಲ್ಲ, ಎಣ್ಣಿ ಹಚ್ಕೋಬೇ!’ ಎಂದು ಬೈಯುವುದು, ‘ಇವು ಗಂಡ ಕೊಡಿಸಿದ್ವೋ ಸಾಲದ್ವೋ?’ ಎಂದು ಚುಡಾಯಿಸುವುದು. ನನ್ನ ಗೆಳತಿಯ ಕೆಂಪು ಬಳೆಗಳ ಮೇಲೆ ಅವಳಿಗೆ ವಿಶೇಷ ಮಮತೆ. ಗೆಳತಿಯ ಗಂಡ ಲಾರಿ ಓಡಿಸುತ್ತಿದ್ದ, ಊರೂರಿನಿಂದ ಅವಳಿಗೆ ಬಳೆ ತರುತ್ತಿದ್ದ.

ವರ್ಷಕ್ಕೊಮ್ಮೆ ನನ್ನ ಗಂಡ ರಜೆಗೆ ಬರುವನು. ಅವಳ ಲೆಕ್ಕದಲ್ಲಿ ಅವನು ಮಗನ ಗೆಳೆಯ, ಪಾಪದ ಸೈನ್ಯದ ಹುಡುಗ. ಪರ ಗಂಡಸು ಮನೆಯೊಳಗೆ ಮಲಗಬಾರದೆಂದು ಅವನಿಗೆ ಹೊರಗೆ ಹಾಸುತ್ತಿದ್ದಳು. ನನ್ನ ಗಂಡನ ಜೊತೆ ಎರಡು ಮಾತಾಡಬೇಕೆಂದರೆ ನಾನು ಕದ್ದು ಮಾತಾಡಬೇಕಾಗಿತ್ತು. ಹೀಗೇ ಒಂದೆರಡು ವರ್ಷ ಕಳೆದ ಮೇಲೆ ಒಂದು ದಿನ ಅವಳೇ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು.

‘ಆ ಹುಡುಗ ಒಳ್ಳೇವ ಅದಾನ. ನಿನ್ನ ನೋಡೂ ನೋಟ ನಾ ನೋಡೀನಿ. ನೀ ಎಷ್ಟಂತ ಒಬ್ಬಾಕಿ ಇರ್ತಿ? ನಮ್ಮಾಗ ಉಡಕಿ ತಪ್ಪಲ್ಲ. ನನ್ನ ಮಗ ಮ್ಯಾಲಿಂದ ನೋಡಿದ್ರೂ ಬ್ಯಾಡ ಅನ್ನಂಗಿಲ್ಲ.’

ಉಡಕಿ ಎಂದರೆ ಗಂಡ ಸತ್ತವಳಿಗೆ ಮಾಡುವ ಎರಡನೆಯ ಮದುವೆ. ನನ್ನ ಗಂಡನ ಜೊತೆಗೇ ನನಗೆ ಉಡಕಿ! ನಗಬೇಕೋ ಅಳಬೇಕೋ ತಿಳಿಯದೆ ಗಂಡನಿಗೆ ಹೇಳಿದೆ. ಅವನು, ‘ಆಕಿ ಮನಸು ಯಾಕ ಮುರೀಬೇಕು,’ ಎಂದ. ದೇವಸುಗೂರಿನ ಗುಡಿಗೆ ಹೋಗಿ, ಅತ್ತೆ ಕೊಟ್ಟ ಉಡಕಿ ಸೀರೆ ಉಟ್ಟು, ಅದೇ ಗಂಡನಿಂದ ಇನ್ನೊಮ್ಮೆ ತಾಳಿ ಕಟ್ಟಿಸಿಕೊಂಡೆ. ಅತ್ತೆ ನನ್ನ ಕೈಯನ್ನು ಅವನ ಕೈಯಲ್ಲಿಟ್ಟು, ‘ನನ್ನ ಮಗನ ಹೇಣ್ತಿ ಅದಾಳ, ಛಂದ ನೋಡ್ಕೋ ಯಪ್ಪಾ,’ ಎಂದು ಅತ್ತಳು. ತಾಯಿ ತನ್ನ ಹೆಸರಿಗೆ ಅಳುವುದನ್ನು ಅವನು ಕಲ್ಲಾಗಿ ನಿಂತು ನೋಡಿದ. ಜೀವನದಲ್ಲಿ ನಾನು ಅಷ್ಟು ಪಾಪಿ ಎಂದು ನನಗೆ ಬೇರೆ ಯಾವಾಗಲೂ ಅನಿಸಿಲ್ಲ. ಮುಂದೆ ಮಗಳು ಹುಟ್ಟಿದಾಗ ಅತ್ತೆ ಎತ್ತಿ ಆಡಿಸಿದಳು, ಎಣ್ಣೆ ತಿಕ್ಕಿ ಎರೆದಳು. ‘ಮೂಗು ಥೇಟ್ ನಮ್ಮ ಮನಿ ಮೂಗು ಇದ್ದಂಗ ಅದ, ಏನಾಶ್ಚರ್ಯ,’ ಎನ್ನುತ್ತಿದ್ದಳು.

ವರ್ಷಗಳು ಹೀಗೇ ಹೋದವು. ಎಂಬತ್ತನೆಯ ಇಸವಿ ದಾಟಿದ್ದಿರಬೇಕು. ಒಂದು ಬೇಸಿಗೆಯ ದಿನ, ಹೊತ್ತು ಏರಿದ ಮೇಲೆ, ಒಂದು ಜೀಪು ಬಂದು ಆಸ್ಪತ್ರೆಯ ಅಂಗಳದಲ್ಲಿ ನಿಂತಿತು. ಮಾನ್ವಿಯಿಂದ ನನ್ನ ಗೆಳತಿಯ ತಮ್ಮ, ಮೈದುನ, ಇನ್ನೊಬ್ಬರು ಬಂದಿದ್ದರು. ನನ್ನನ್ನು ಕಂಬದ ಮರೆಗೆ ಕರೆದು ತಮ್ಮ ಹೇಳಿದ: ಅವಳ ಗಂಡನ ಲಾರಿ ಮಗುಚಿದೆ, ಆತ ಜಾಗದಲ್ಲೇ ಹೋಗಿಬಿಟ್ಟಿದ್ದಾನೆ. ‘ಆಕಿಗೆ ಹೇಳಬ್ಯಾಡ್ರಿ ಅಕ್ಕಾರ, ಸ್ವಲ್ಪ ಪೆಟ್ಟಾಗ್ಯದ ಅಂತ ಹೇಳಿ ಕರ್ಕೊಂಡು ಹೋಗ್ತೀವಿ.’

ಅವಳು ಒಳಗಿನಿಂದ ಗಾಬರಿಯಾಗಿ ಬಂದಳು. ‘ಪೆಟ್ಟು ಭಾಳ ಆಗ್ಯದೇನು?’ ಎಂದು ಒಬ್ಬೊಬ್ಬರನ್ನೇ ಕೇಳಿದಳು. ‘ಇಲ್ಲ ಇಲ್ಲ, ಸ್ವಲ್ಪ,’ ಎಂದರು. ನನ್ನನ್ನೂ ಕೇಳಿದಳು. ನಾನೂ, ‘ಸ್ವಲ್ಪ ಅಂತ,’ ಎಂದೆ. ಅಷ್ಟು ಆತುರದಲ್ಲೂ ರೂಢಿಯಂತೆ ಅತ್ತೆಯ ಮುಂದೆ ಕುಳಿತು ಕೈ ಚಾಚಿದಳು, ‘ಅಜ್ಜೀ, ನನ್ನ ಬಳಿ, ಜಲ್ದಿ.’

ಅತ್ತೆ ಅವಳ ಮುಖ ನೋಡಿದಳು. ನಮ್ಮೆಲ್ಲರ ಮುಖವನ್ನೂ ನೋಡಿದಳು. ಆಮೇಲೆ ಆ ದಾರ ಬಿಚ್ಚಿ, ಎಣ್ಣೆ ಸವರಿ, ಒಂದೊಂದೇ ಕೆಂಪು ಬಳೆಯನ್ನು ನಿಧಾನವಾಗಿ ಏರಿಸಿದಳು. ಜೀಪಿನವರು ಚಡಪಡಿಸಿದರೂ ಅವಸರ ಮಾಡಲಿಲ್ಲ. ‘ಹಾಕ್ಕೋ ನನ್ನ ಮಗಳ, ಕೈ ತುಂಬ ಹಾಕ್ಕೊಂಡು ಹೋಗು,’ ಎಂದು ಅವಳ ಎರಡೂ ಕೈಗಳನ್ನು ಕಣ್ಣಿಗೆ ಒತ್ತಿಕೊಂಡು ಬಿಟ್ಟಳು.

ಜೀಪು ಗೇಟು ದಾಟಿತು. ಅತ್ತೆ ಬರಿದಾದ ದಾರವನ್ನು ಬೆರಳಿಗೆ ಸುತ್ತುತ್ತ, ‘ಆಕಿ ಗಂಡ ಹ್ವಾದ,’ ಎಂದಳು.

‘ನಿಮಗ್ಯಾರು ಹೇಳಿದ್ರು?’

‘ಯಾರು ಹೇಳ್ಬೇಕು? ಮುಚ್ಚಿ ಇಡೂ ಮಂದಿ ನೆಲಾ ನೋಡ್ತಾರ. ನಾಕೂ ಮಂದಿ ನೆಲಾ ನೋಡಾಕತ್ತಿದ್ರಿ. ನೀನೂ.’ ದಾರ ಸುತ್ತುವುದನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಹುಬ್ಬು ಗಂಟಾಗಿತ್ತು. ‘ಆವತ್ತು ಆ ಗಿಡದ ಬುಡಕ ನೀ ನೆಲಾ ನೋಡ್ಲಿಲ್ಲಲ್ಲಬೇ. ನನ್ನ ಕಣ್ಣಾಗ ಕಣ್ಣಿಟ್ಟು ಒದರಿದಿ.’

ನಾನು ಅವಳ ಮುಂದೆ ಕುಳಿತೆ.

‘ಹಂಗಾದ್ರ ನನ್ನ ಮಗ ಬದುಕ್ಯಾನೇನು?’

‘ಬದುಕ್ಯಾರ್ರೀ ಅತ್ತಿ,’ ಎಂದೆ. ನೆಲ ನೋಡದೆ, ಅವಳ ಕಣ್ಣನ್ನೇ ನೋಡಿ ಹೇಳಿದೆ.

ಅವಳು ಎರಡೂ ಕೈಯಿಂದ ತಲೆ ಚಚ್ಚಿಕೊಂಡಳು. ‘ಅಯ್ಯಯ್ಯೋ ಶಿವನೇ! ಜೀವಂತ ಗಂಡ ಇರಾಕಿಗೆ ನಾನs ನಿಂತು ಉಡಕಿ ಮಾಡಿಸಿದ್ನೆಲ್ಲೋ! ನನ್ನ ಮಗ ಬಂದ್ರ ಏನು ಮಾರಿ ತೋರಿಸ್ಲಿ!’

ನನಗೆ ನಗು ಬಂತು. ತಡೆಯಲಾಗದ ನಗು. ಅವಳನ್ನು ತಬ್ಬಿಕೊಂಡು ನಕ್ಕೆ, ಕಣ್ಣೀರಿಟ್ಟೆ, ಮತ್ತೆ ನಕ್ಕೆ. ಹಾಲು ಕುಡಿದಷ್ಟು ಸಂತೋಷ. ಅಂಗಳದಲ್ಲಿ ಜೀಪಿನ ಧೂಳು ಇನ್ನೂ ಇಳಿದಿರಲಿಲ್ಲ. ಆ ಜೀಪಿನೊಳಗೆ ನನ್ನ ಗೆಳತಿ ಕೈತುಂಬ ಬಳೆ ಹಾಕಿಕೊಂಡು, ‘ಸ್ವಲ್ಪ’ ಎಂಬ ನನ್ನ ಮಾತನ್ನು ನಂಬಿಕೊಂಡು ಕುಳಿತಿದ್ದಳು. ಸಂಜೆಯೊಳಗೆ ಆ ಬಳೆಗಳನ್ನು ಒಡೆಯುವವರಿದ್ದರು. ನಾನು ಇಲ್ಲಿ ನಗುತ್ತಿದ್ದೆ.

ಟೆಲಿಗ್ರಾಂ ಕೊಟ್ಟೆ. ಗಂಡ ಬಂದ. ಬಾಗಿಲಲ್ಲಿ ನಿಂತವನನ್ನು ಅತ್ತೆ ಕೆಳಗಿನಿಂದ ಮೇಲಕ್ಕೆ ನೋಡಿದಳು. ಈ ಸಲ ಸೆರಗು ಎಳೆದುಕೊಳ್ಳಲಿಲ್ಲ. ಎದ್ದು ಹೋಗಿ ಅವನ ಬೆನ್ನಿಗೊಂದು ಗುದ್ದಿದಳು. ‘ಇಷ್ಟ ವರ್ಷ ಎಲ್ಲಿ ಹಾಳಾಗಿ ಹೋಗಿದ್ದೆಲೇ?’

ಪ್ರತಿ ವರ್ಷ ಬಂದು, ಅವಳು ಕೊಟ್ಟ ಬೆಲ್ಲ ನೀರು ಕುಡಿದು, ಹೊರಗೆ ಮಲಗಿ ಹೋದವನು, ‘ರೈಲು ಸಿಗಲಿಲ್ಲ ಯವ್ವಾ,’ ಎಂದ. ಅವಳು ಅವನ ಮುಖವನ್ನೆಲ್ಲ ಸವರಿದಳು. ಆಮೇಲೆ ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಪಿಸುಗುಟ್ಟಿದಳು, ‘ಆ ಸೈನ್ಯದ ಹುಡುಗಂದು ಇವಗ ಹೇಳಬ್ಯಾಡ. ಮುಚ್ಚಿ ಇಡು.’ ಕೊನೆಯವರೆಗೂ ಅವಳ ಲೆಕ್ಕದಲ್ಲಿ ಅವರು ಇಬ್ಬರೇ, ಮಗ ಬೇರೆ, ಆ ಹುಡುಗ ಬೇರೆ. ಆ ಹುಡುಗ ಎಲ್ಲಿ ಹೋದನೋ ಪಾಪ, ಎಂದು ಆಗಾಗ ನನ್ನ ಹತ್ತಿರ ಮಾತ್ರ ಕೇಳುತ್ತಿದ್ದಳು.

ಗೆಳತಿ ಡ್ಯೂಟಿಗೆ ಬಂದದ್ದು ತಿಂಗಳು ಕಳೆದ ಮೇಲೆ. ಬಿಳಿ ಸೀರೆ, ಬೋಳು ಕೈ; ಎಲ್ಲರಂತೆಯೇ ಇದ್ದಳು, ಹೊಸಬರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ವರಾಂಡದಲ್ಲಿ ಅತ್ತೆಯ ಮುಂದೆ ಕುಳಿತವರ ಸಾಲನ್ನು ದಾಟಿ ನೇರ ಒಳಗೆ ಹೋಗುತ್ತಿದ್ದಳು. ಒಂದು ದಿನ ಮಾತ್ರ ನಿಂತಳು. ಆವತ್ತು ನಾನೂ ಅಲ್ಲೇ ಕೈ ಚಾಚಿ ಕುಳಿತಿದ್ದೆ.

‘ಅಜ್ಜಿ ಮಗನ್ನ ಗುರ್ತು ಹಿಡದ್ರಂತಲ್ಲ,’ ಎಂದಳು. ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು. ‘ಇಷ್ಟ ವರ್ಷದ ಮ್ಯಾಲೆ ಹ್ಯಾಂಗಾತು ಇದು?’

ಅತ್ತೆಯ ಕೈ ನನ್ನ ಮುಂಗೈ ಮೇಲೆ ನಿಂತಿತು. ಅವಳು ನನ್ನನ್ನೇ ನೋಡುತ್ತಿದ್ದಳು.

‘ಧಾರವಾಡದ ಗುಳಿಗಿ,’ ಎಂದೆ. ‘ಈಗ ಹತ್ತಿದ್ವು ನೋಡು.’

‘ಛಲೋ ಆತು ಬಿಡು,’ ಎಂದು ಗೆಳತಿ ಒಳಗೆ ಹೋದಳು. ನಾನು ವರಾಂಡದ ನೆಲ ನೋಡುತ್ತಿದ್ದೆ.